ಗೋಡೆಯ ಮೇಲಿನ ಎಪ್ಪತ್ತಾರು

ಮೊನ್ನೆ ನನ್ನ ಹೆಂಡತಿಯ ತಮ್ಮ ಚೆನ್ನೈಯಿಂದ ಬಂದಿದ್ದ. ಕೈಯಲ್ಲಿ ಎರಡು ಪಾಕೀಟು ಬಾಳೆಕಾಯಿ ಚಿಪ್ಸ್. ಅವನಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಎಂದೂ ನಿರೀಕ್ಷಿಸಿದವನಲ್ಲ, ಆದ್ದರಿಂದ ನಿರಾಶೆಯೂ ಆಗಲಿಲ್ಲ. ಪಾಕೀಟುಗಳು ಮಾತ್ರ ಉಬ್ಬಿಕೊಂಡು, ಹೆಬ್ಬೆರಳಿಂದ ಒತ್ತಿದರೂ ಬಗ್ಗದಷ್ಟು ಬಿಗಿದುಕೊಂಡು ಅಡಿಗೆಮನೆಯ ಕಟ್ಟೆಯ ಮೇಲೆ ಕೂತಿದ್ದವು.

“ಏನ್ರೀ, ಇದು ಹಿಂಗ್ಯಾಕ ಉಬ್ಬ್ಯದ? ಒಳಗ ಕೆಟ್ಟದೋ ಏನೋ,” ಎಂದಳು ಹೆಂಡತಿ.

“ಬಿಸಿಲಕ್ಕಾ, ಬಿಸಿಲು. ನಿಮ್ಮ ಬಳ್ಳಾರಿ ಬಿಸಿಲಿಗೆ ಮನುಷ್ಯಾನ ಉಬ್ಬತಾನ, ಚಿಪ್ಸ್ ಉಬ್ಬಂಗಿಲ್ಲೇನು?” ಎಂದ ತಮ್ಮ. ರಾತ್ರಿಯೆಲ್ಲ ಏಸಿ ಬೋಗಿಯಲ್ಲಿ ಕಂಬಳಿ ಹೊದ್ದು ಬಂದವನು, ಸ್ಟೇಷನ್ನಿನಿಂದ ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಅಷ್ಟರಲ್ಲೇ ಇವನ ಚೀಲದೊಳಗೆ ಹೊಕ್ಕು ಪಾಕೀಟು ಹುಡುಕಿ ಉಬ್ಬಿಸಿತಂತೆ ಬಿಸಿಲು. ಬಿ.ಕಾಂ. ಓದಿದವರಿಗೆ ಗಾಳಿಯ ವಿಷಯದಲ್ಲಿ ಇಷ್ಟೊಂದು ಧೈರ್ಯ ಎಲ್ಲಿಂದ ಬರುತ್ತದೋ ನನಗೆ ಗೊತ್ತಿಲ್ಲ.

ನಾನು ವಿವರಿಸಲು ಹೋದೆ. ಪಾಕೀಟಿಗೆ ಗಾಳಿ ತುಂಬಿ ಬಾಯಿ ಮುಚ್ಚಿದ್ದು ಸಮುದ್ರದ ದಂಡೆಯಲ್ಲಿ. ಬಳ್ಳಾರಿ ಸಮುದ್ರಕ್ಕಿಂತ ನಾಲ್ಕುನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಒಳಗಿನ ಗಾಳಿ ಹಿಗ್ಗಿದೆ. ಎರಡನೆಯ ವಾಕ್ಯ ಮುಗಿಯುವುದರೊಳಗೆ ಹೆಂಡತಿ ಕತ್ತರಿ ತಂದು ಪಾಕೀಟಿನ ಮೂಲೆ ಕತ್ತರಿಸಿದ್ದಳು. ಪುಸ್ ಎಂದಿತು. ಇಬ್ಬರೂ ಚಿಪ್ಸ್ ತಿನ್ನುತ್ತ ಯಾರದೋ ಮದುವೆಯ ಮಾತಿಗೆ ಹೋದರು. ಮೂವತ್ತೊಂದು ವರ್ಷ ತರಗತಿಯಲ್ಲಿ ನಡೆದದ್ದೂ ಇದೇ ಆದ್ದರಿಂದ ನನಗೆ ಬೇಸರವಾಗಲಿಲ್ಲ.

ಆದರೆ ಆ ಪುಸ್ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹದಿನಾರು ವರ್ಷ ಯಾರ ಮುಂದೆಯೂ ಬಾಯಿ ಬಿಡದೆ ಇಟ್ಟುಕೊಂಡ ಒಂದು ಸಂಗತಿ ನನ್ನಲ್ಲಿತ್ತು. ಮನೆಯವರಿಗಂತೂ ಹೇಳುವಂತಿರಲಿಲ್ಲ, ಅವರು ಚಿಪ್ಸ್ ತಿನ್ನುತ್ತಿದ್ದರು. ನೀವು ಇಲ್ಲಿಯವರೆಗೆ ಬಂದಿದ್ದೀರಿ, ಬಿಡುವೂ ಇದ್ದಂತಿದೆ, ಕೇಳಿಬಿಡಿ.

ನಾನು ಭೌತಶಾಸ್ತ್ರದ ಉಪನ್ಯಾಸಕನಾಗಿದ್ದವನು. ಬಳ್ಳಾರಿಯಲ್ಲಿ ಮನೆ, ಕುರುಗೋಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕೆಲಸ. ಕಾಲೇಜಿನ ಹೆಸರು ಬೇಡ, ಹೇಳಿಕೊಳ್ಳುವಂಥದ್ದನ್ನು ನಾವ್ಯಾರೂ ಅಲ್ಲಿ ಮಾಡಿಲ್ಲ. ಗಣಿತದವರು ಇಡೀ ಪುಸ್ತಕವನ್ನು ಹಲಗೆಗೆ ಇಳಿಸಿ, ಹಲಗೆಯನ್ನು ಒರೆಸಿ, ಪಾಠ ಮುಗಿಯಿತು ಎನ್ನುತ್ತಿದ್ದರು. ಕೆಮಿಸ್ಟ್ರಿಯವರಿಗೆ ಕೊಳಗಲ್ಲಿನಲ್ಲಿ ಹೊಲವಿತ್ತು. ಅವರ ಮೈ ಕಾಲೇಜಿನಲ್ಲಿ, ಜೀವವೆಲ್ಲ ಮೆಣಸಿನಕಾಯಿಯಲ್ಲಿ. ಪ್ರಿನ್ಸಿಪಾಲರಿಗೆ ಫಲಿತಾಂಶದ ಹುಚ್ಚು. ಇವರನ್ನೆಲ್ಲ ನೋಡಿ ಒಳಗೊಳಗೇ ಮೂಗು ಮುರಿಯುತ್ತ, ಈ ಕಾಲೇಜಿನಲ್ಲಿ ವಿಜ್ಞಾನ ಗೊತ್ತಿರುವವನು ನಾನೊಬ್ಬನೇ ಎಂದು ನಂಬಿಕೊಂಡು ನಾನು ದಿನ ಕಳೆಯುತ್ತಿದ್ದೆ.

ಪಾಕೀಟನ್ನು ಉಬ್ಬಿಸಿದ ಗಾಳಿಯ ಆ ನಿಯಮ ಬಹಳ ಸರಳ. ಮುಚ್ಚಿದ ಜಾಗದಲ್ಲಿ ಒಂದಿಷ್ಟು ಗಾಳಿ ಇದೆ, ಅದರ ಬಿಸಿ ಬದಲಾಗುತ್ತಿಲ್ಲ ಎಂದಿಟ್ಟುಕೊಳ್ಳಿ. ಜಾಗವನ್ನು ಅರ್ಧ ಮಾಡಿದರೆ ಒತ್ತಡ ಎರಡರಷ್ಟಾಗುತ್ತದೆ. ಜಾಗವನ್ನು ಎರಡರಷ್ಟು ಮಾಡಿದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಒತ್ತಡವನ್ನೂ ಗಾತ್ರವನ್ನೂ ಗುಣಿಸಿದರೆ ಪ್ರತಿ ಸಲವೂ ಒಂದೇ ಸಂಖ್ಯೆ ಬರುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಯನ್ನು ಒತ್ತಿದ ಯಾವ ಮಗುವಿನ ಬೆರಳಿಗೂ ಇದರ ಮುಕ್ಕಾಲು ಪಾಲು ಗೊತ್ತಿರುತ್ತದೆ. ಇದನ್ನು ವಿವರಿಸಲು ನಮ್ಮ ಕಡೆಯ ಉಪನ್ಯಾಸಕರೆಲ್ಲ ತುಂಬಿದ ಬಸ್ಸಿನ ಉದಾಹರಣೆ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ. ಶುದ್ಧ ದಡ್ಡತನ. ಬೆಳಗಿನ ಕುರುಗೋಡು ಬಸ್ಸಿನಲ್ಲಿ ಎಷ್ಟು ಜನ ತುಂಬಿದರೂ ಬಸ್ಸಿನ ಗೋಡೆಯನ್ನು ಯಾರೂ ಒತ್ತುವುದಿಲ್ಲ. ಎಲ್ಲರೂ ಒತ್ತುವುದು ನನ್ನನ್ನು.

ಈ ನಿಯಮವನ್ನು ತೋರಿಸುವ ಪ್ರಯೋಗಕ್ಕೆ ಬೇಕಾದದ್ದೂ ಹೆಚ್ಚೇನಿಲ್ಲ. ಒಂದು ಮರದ ಹಲಗೆ, ನಡುವೆ ಅಳತೆಪಟ್ಟಿ, ಆಚೆಗೊಂದು ಈಚೆಗೊಂದು ಗಾಜಿನ ಕೊಳವೆ. ಕೆಳಗೆ ಎರಡನ್ನೂ ಸೇರಿಸುವ ರಬ್ಬರ್ ಪೈಪು, ಒಳಗೆ ಪಾದರಸ. ಒಂದು ಕೊಳವೆಯ ಬಾಯಿ ಮುಚ್ಚಿರುತ್ತದೆ, ಅದರಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ತೆರೆದ ಬಾಯಿಯ ಇನ್ನೊಂದು ಕೊಳವೆಯನ್ನು ಮೇಲೆತ್ತಿದಷ್ಟೂ ಪಾದರಸ ಆ ಗಾಳಿಯನ್ನು ಒತ್ತುತ್ತದೆ. ಎರಡು ಕಡೆಯ ಪಾದರಸದ ಎತ್ತರದಲ್ಲಿ ಎಷ್ಟು ವ್ಯತ್ಯಾಸವಿದೆಯೋ ನೋಡಿಕೊಂಡು ಅದಕ್ಕೆ ಹೊರಗಿನ ವಾಯುಭಾರವನ್ನು ಕೂಡಿಸಬೇಕು. ಅದೇ ಸಿಕ್ಕಿಕೊಂಡ ಗಾಳಿಯ ಮೇಲಿನ ಒಟ್ಟು ಒತ್ತಡ.

ಹೊರಗಿನ ವಾಯುಭಾರ ಎಷ್ಟು ಸೆಂಟಿಮೀಟರ್ ಪಾದರಸಕ್ಕೆ ಸಮ ಎಂದು ತಿಳಿಯಲು ಗೋಡೆಗೆ ಒಂದು ಮಾಪಕ ತೂಗುಹಾಕಿರಬೇಕು. ನಮ್ಮಲ್ಲೂ ಇತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ಯಾವನೋ ಪುಣ್ಯಾತ್ಮ ಅದನ್ನು ಒಡೆದಿದ್ದ. ಹೊಸದು ಬೇಕೆಂದು ಎರಡು ವರ್ಷ ಅರ್ಜಿ ಬರೆದೆ. ಮೂರನೆಯ ವರ್ಷ ಕಾಲೇಜಿಗೆ ಬಣ್ಣ ಹೊಡೆಯಲು ಬಂದ ಪೇಂಟರನನ್ನು ಕರೆದು ಮಾಪಕವಿದ್ದ ಜಾಗದಲ್ಲೇ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಬಿಟ್ಟೆ: ‘ವಾಯುಭಾರ = 76 ಸೆಂ.ಮೀ.’ ಅವನು ಹುಮ್ಮಸ್ಸಿನಲ್ಲಿ ಅದರ ಕೆಳಗೆ ಎರಡು ಗುಲಾಬಿಯನ್ನೂ ಬರೆದ. ಗಾಳಿ ದಿನದಿನಕ್ಕೆ ಬದಲಾಗುವ ವಸ್ತು. ಅದರ ಭಾರವನ್ನು ಎಣ್ಣೆಬಣ್ಣದಲ್ಲಿ ಗೋಡೆಗೆ ಬರೆಸಿದ ಭೌತಶಾಸ್ತ್ರಜ್ಞ ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ಅವನನ್ನು ನೋಡುವ ಆಸೆ ನನಗಿದೆ.

ಎಪ್ಪತ್ತಾರು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಅದಕ್ಕೆ ನಮ್ಮ ದೊಡ್ಡಪ್ಪನ ಬಗ್ಗೆ ಹೇಳಬೇಕು. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ನಮ್ಮ ವೈಷ್ಣವ ಮನೆತನದ ಗಂಡುಮಕ್ಕಳು ಕಲಿಯಲು ಹೋಗುತ್ತಿದ್ದದ್ದು ಮದರಾಸಿಗೆ. ದೊಡ್ಡಪ್ಪನೂ ಹೋದ. ಬರುವಾಗ ಒಂದು ಪದವಿ, ಒಂದು ಉಣ್ಣೆಯ ಕೋಟು, ಒಂದು ಲ್ಯಾಬ್ ರೆಕಾರ್ಡ್ ಪುಸ್ತಕ ತಂದ. ಕೋಟನ್ನು ಬಳ್ಳಾರಿಯ ಮೇ ತಿಂಗಳಲ್ಲೂ ಬಿಚ್ಚಲಿಲ್ಲ. ತರಕಾರಿಯವಳೊಡನೆ ತೆಲುಗು, ಮನೆಯವರೊಡನೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಬಳ್ಳಾರಿಯಲ್ಲಿ ಭೌತಶಾಸ್ತ್ರ ಕಲಿಸಲು ನಿಂತ. ಆ ರೆಕಾರ್ಡನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದರು. ಸ್ನಾನ ಮಾಡದೆ ಅದನ್ನು ಮುಟ್ಟಿದ್ದಕ್ಕೆ ನಾನು ಚಿಕ್ಕಂದಿನಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ.

ದೊಡ್ಡಪ್ಪನ ಶಿಷ್ಯರು ಆ ಪುಸ್ತಕದ ಅಂಕಿಗಳನ್ನು ಇಳಿಸಿಕೊಂಡರು. ಅವರೆಲ್ಲ ಉಪನ್ಯಾಸಕರಾಗಿ ಊರೂರಿಗೆ ಹೋದರು. ಅವರ ಶಿಷ್ಯರೂ ಇಳಿಸಿಕೊಂಡರು. ನಮ್ಮ ಲ್ಯಾಬಿನ ಪದ್ಧತಿ ಹೀಗಿತ್ತು: ಮಕ್ಕಳು ಅರ್ಧ ಗಂಟೆ ಪಾದರಸ ನೋಡಿ ಸಂತೋಷಪಡುವುದು, ಆಮೇಲೆ ಕಪಾಟಿನಿಂದ ‘ತಾಯಿ ರೆಕಾರ್ಡ್’ ಹೊರಗೆ ಬರುವುದು. ದೊಡ್ಡಪ್ಪನ ಅಂಕಿಗಳನ್ನು ನಾನೇ ದುಂಡಗೆ ಬರೆದಿಟ್ಟ ಪ್ರತಿ ಅದು. “ಇಳಿಸ್ಕೊಳ್ರಿ” ಎಂದರೆ ಸಾಕು, ಎಲ್ಲರ ಪ್ರಯೋಗವೂ ಒಟ್ಟಿಗೆ ಯಶಸ್ವಿಯಾಗುತ್ತಿತ್ತು. ಒಮ್ಮೆ ಪರೀಕ್ಷಕನಾಗಿ ಸಿರುಗುಪ್ಪಕ್ಕೆ ಹೋದಾಗ ಅಲ್ಲಿಯ ಮಕ್ಕಳ ರೆಕಾರ್ಡಿನಲ್ಲೂ ಅವೇ ಅಂಕಿಗಳನ್ನು ಕಂಡೆ. ದೊಡ್ಡಪ್ಪ ಮೂರನೆಯ ಸಾಲಿನಲ್ಲಿ ಒಂದು ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆಯದನ್ನು ಬರೆದಿದ್ದ. ಸಿರುಗುಪ್ಪದ ಮಕ್ಕಳು ಆ ತಪ್ಪು ಅಂಕಿಯನ್ನೂ ನೀಟಾಗಿ ಬರೆದು, ಸ್ಕೇಲು ಹಿಡಿದು ನೀಟಾಗಿ ಹೊಡೆದುಹಾಕಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಕಾಲೇಜಿನ ಮಕ್ಕಳೂ ಅದನ್ನೇ ಮಾಡುತ್ತಾರೆಂಬುದು ಆಗ ನೆನಪಿಗೆ ಬರಲಿಲ್ಲ.

ಈಗ ರಜಿಯಾ.

ಕುರುಗೋಡಿನ ಬಸ್‌ಸ್ಟ್ಯಾಂಡಿನ ಎದುರು ದಾದಾಪೀರ್ ಎಂಬವನ ಟೈರ್ ಅಂಗಡಿ ಇತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಣ್ಣತಮ್ಮಂದಿರ ಜೊತೆ ಪಂಚರ್ ಹಾಕಿಕೊಂಡಿದ್ದವನು, ಟ್ರ್ಯಾಕ್ಟರುಗಳು ಹೆಚ್ಚಾದ ಮೇಲೆ ಕುರುಗೋಡಿಗೆ ಬಂದು ಕಂಪ್ರೆಸರ್ ಹಾಕಿಕೊಂಡಿದ್ದ. ಅವನ ಮಗಳು ರಜಿಯಾ ನಮ್ಮಲ್ಲಿ ಮೊದಲನೆಯ ಪಿಯುಸಿ ಸೈನ್ಸ್. ಪಂಚರ್ ಅಂಗಡಿಯವನ ಮಗಳಿಗೆ ಭೌತಶಾಸ್ತ್ರ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಅಂದವನು ನಾನೇ. ಎಲ್ಲರೂ ನಕ್ಕರು, ಮೆಣಸಿನಕಾಯಿಯವರು ಸ್ವಲ್ಪ ಹೆಚ್ಚೇ ನಕ್ಕರು.

ಈ ಹುಡುಗಿ ತಾಯಿ ರೆಕಾರ್ಡ್ ಮುಟ್ಟಲಿಲ್ಲ. ಎರಡು ಶನಿವಾರ, ಉಳಿದವರೆಲ್ಲ ಇಳಿಸಿಕೊಳ್ಳುತ್ತಿದ್ದಾಗ ಅವಳು ಒಬ್ಬಳೇ ಆ ಹಲಗೆಯ ಮುಂದೆ ನಿಂತು ಕೊಳವೆಯನ್ನು ಏರಿಸಿ ಇಳಿಸಿ ಅಂಕಿ ಬರೆದುಕೊಂಡಳು. ನಾನು ನೋಡಿಯೂ ಸುಮ್ಮನಿದ್ದೆ. ಹೊಸ ಹುರುಪು, ತಾನೇ ಇಳಿಯುತ್ತದೆ ಎಂದುಕೊಂಡೆ. ಮೂರನೆಯ ಶನಿವಾರ, ಇಡೀ ತರಗತಿ ಲ್ಯಾಬಿನಲ್ಲಿದ್ದಾಗ, ಅವಳು ರೆಕಾರ್ಡ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಸರ್, ಗೋಡಿ ಮ್ಯಾಲಿನ ನಂಬರ್ ತಪ್ಪೈತ್ರಿ.”

“ಏನು?”

“ಎಪ್ಪತ್ತಾರು ಕೂಡಿಸಿದ್ರ ಗುಣಾಕಾರ ಒಂದ ಬರವಲ್ದು. ನೋಡ್ರಿ, ಸಾವಿರದ ಐನೂರ ಮೂವತ್ತಾರು ಬಂತು, ಆಮ್ಯಾಲ ಐನೂರ ಇಪ್ಪತ್ತು, ಐನೂರ ಹನ್ನೆರಡು, ಐನೂರು. ಇಳೀತಾ ಹೊಂಟೈತ್ರಿ.”

“ನೋಡೋದ್ರಾಗ ತಪ್ಪು ಮಾಡಿರ್ತೀ.”

“ಮೂರು ಸಲ ನೋಡೀನ್ರಿ. ನೋಡೋದು ತಪ್ಪಾದ್ರ ಒಮ್ಮೆ ಹೆಚ್ಚಾಗಬೇಕು, ಒಮ್ಮೆ ಕಡಿಮಿ ಆಗಬೇಕು. ಇದು ಪ್ರತಿ ಸಲ ಇಳದ ಇಳೀತೈತಿ. ಅದಕ್ಕ ಎಪ್ಪತ್ತಾರು ಬಿಟ್ಟು ಎಪ್ಪತ್ತೆರಡು ಹಾಕಿ ನೋಡಿದ್ನಿ. ಎಲ್ಲಾ ಸಾವಿರದ ನಾನೂರ ನಲವತ್ತರ ಹತ್ರನ ಬಂತ್ರಿ.”

“ಗೋಡೀ ಮ್ಯಾಲೆ ಅಷ್ಟು ದೊಡ್ಡದಾಗಿ ಬರದದ, ಕಾಣಸಂಗಿಲ್ಲೇನು ನಿನಗ?”

“ನನಗ ಕಾಣಸ್ತೈತ್ರಿ ಸರ್. ಪಾದರಸಕ್ಕ ಓದಾಕ ಬರಂಗಿಲ್ಲಲ್ರಿ.”

ಅವಳು ಅದನ್ನು ತಮಾಷೆಗೆ ಹೇಳಿದ್ದಲ್ಲ. ಆದರೆ ತರಗತಿ ನಕ್ಕಿತು. ಅರವತ್ತು ಮಕ್ಕಳು, ಬಾಯಿ ತುಂಬ. ಅಲ್ಲಿಯವರೆಗಿನ ಹತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ನಾನು ಎಷ್ಟೋ ಜನರನ್ನು ನೋಡಿ ನಕ್ಕಿದ್ದೆ. ನನ್ನನ್ನು ನೋಡಿ ತರಗತಿ ನಕ್ಕದ್ದು ಅದೇ ಮೊದಲು.

ಎದ್ದು ನಿಂತೆ. “ಉತ್ತರ ಸರಿ ಬರೋ ಹಂಗ ನಂಬರ್ ಬದಲಿ ಮಾಡೋದಕ್ಕ ವಿಜ್ಞಾನ ಅನ್ನಂಗಿಲ್ಲ. ಸುಳ್ಳು ಲೆಕ್ಕ ಅಂತಾರ. ನೀನು ಇವನ್ನ ನೋಡಿ ಬರದಿಲ್ಲ, ಕೂತು ಸೃಷ್ಟಿ ಮಾಡೀಯ. ಸೋಮವಾರ ತಪ್ಪೊಪ್ಪಿಗೆ ಬರದು ಕೊಡಬೇಕು. ಇಲ್ಲಂದ್ರ ರೆಕಾರ್ಡಿಗೆ ನನ್ನ ಸಹಿ ಇಲ್ಲ. ಸಹಿ ಇಲ್ಲಂದ್ರ ಪರೀಕ್ಷಾ ಇಲ್ಲ,” ಎಂದೆ. ಮದರಾಸಿನಿಂದ ಬಂದ ಅಂಕಿಗಳನ್ನು ಕಣ್ಣು ಮುಚ್ಚಿ ಇಳಿಸಿಕೊಂಡಿದ್ದ ಐವತ್ತೊಂಬತ್ತು ಮಂದಿಯ ಮುಂದೆ, ತನ್ನ ಕಣ್ಣಾರೆ ನೋಡಿ ಬರೆದಿದ್ದ ಒಬ್ಬಳನ್ನು ಸುಳ್ಳಿ ಎಂದೆ. ಅವಳ ರೆಕಾರ್ಡನ್ನು ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಈಗ ಯಾರೂ ನಗಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ದಾದಾಪೀರ್ ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಎತ್ತರದ, ತೆಳ್ಳಗಿನ ಮನುಷ್ಯ. ದೊಡ್ಡ ಟ್ರ್ಯಾಕ್ಟರ್ ಟೈರನ್ನು ಒಬ್ಬನೇ ಉರುಳಿಸುತ್ತಿದ್ದವನು ನನ್ನ ಮುಂದೆ ನಿಂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತ.

“ಸಾರ್, ಹುಡುಗಿ ಏನೋ ತಪ್ಪು ಮಾಡ್ಯಾಳಂತ. ಮಾಡಿದ್ರ ನಾನ ನಾಕು ಮಾತು ಬೈತೀನ್ರಿ. ಆದ್ರ ಆಕಿ ನಾ ಸುಳ್ಳು ಬರದಿಲ್ಲಪಾ ಅಂತ ಒಂದ ಸಮ ಅಳಾಕತ್ತಾಳ. ನಮಗ ಇದರಾಗಿಂದು ಏನೂ ತಿಳಿಯಂಗಿಲ್ಲ. ನೀವು ಇನ್ನೊಮ್ಮೆ ನೋಡ್ರಿ ಸಾರ್. ನೀವು ನೋಡಿ ತಪ್ಪು ಅಂದ್ರಿ ಅಂದ್ರ ತಪ್ಪು, ಮುಗೀತು. ನಾ ಆಕಿ ಮಾತು ಕೇಳಂಗಿಲ್ಲ.”

“ನೋಡ್ತೀನಿ,” ಎಂದೆ. ಬಸ್ಸು ಬಂತು.

ಭಾನುವಾರ ಊಟವಾದ ಮೇಲೆ ನೋಡಿದೆ. ಅವಳ ತಪ್ಪನ್ನು ಹುಡುಕಿ ತೆಗೆಯಲೆಂದೇ ಕೂತೆ ಎಂಬುದನ್ನೂ ಹೇಳಿಬಿಡುತ್ತೇನೆ. ಅವಳ ಅಂಕಿಗಳನ್ನು ಒಂದೊಂದಾಗಿ ಗುಣಿಸಿದೆ. ಎಪ್ಪತ್ತಾರು ಕೂಡಿಸಿದರೆ ಇಳಿಯುತ್ತಿತ್ತು, ಎಪ್ಪತ್ತೆರಡು ಕೂಡಿಸಿದರೆ ನಿಲ್ಲುತ್ತಿತ್ತು. ಆಗ ದೇವರ ಪೆಟ್ಟಿಗೆಯ ಪಕ್ಕದಿಂದ ದೊಡ್ಡಪ್ಪನ ಪುಸ್ತಕ ತೆಗೆದೆ. ನಾವೆಲ್ಲ ಕೋಷ್ಟಕದ ಪುಟವನ್ನಷ್ಟೇ ಇಳಿಸಿಕೊಂಡವರು. ಅದರ ಹಿಂದಿನ ಪುಟವನ್ನು ಯಾರೂ ಓದಿರಲಿಲ್ಲ. ಅಲ್ಲಿ ದೊಡ್ಡಪ್ಪನ ಮಣಿಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಇತ್ತು: ಸ್ಥಳ ಮದರಾಸು, ಗೋಡೆಯ ಮಾಪಕದಲ್ಲಿ ಕಂಡ ವಾಯುಭಾರ 76.0. ಸಮುದ್ರದ ದಂಡೆಯ ಊರಿಗೆ ಅದು ಸರಿಯೇ. ಅದರ ಕೆಳಗೆ ಪೆನ್ಸಿಲಿನಲ್ಲಿ, ಮುದಿ ಕೈಯ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ‘ಬಳ್ಳಾರಿಯಲ್ಲಿ ಸುಮಾರು 72. ಪ್ರಯೋಗ ಇಲ್ಲಿ ಮತ್ತೆ ಮಾಡಬೇಕು.’

ಮಾಡಲಿಲ್ಲ. ಕೋಟು ಬಿಚ್ಚದ ಆ ಮನುಷ್ಯನಿಗೂ ಗೊತ್ತಿತ್ತು. ಗೊತ್ತಿದ್ದೂ ಸಾಯುವವರೆಗೆ ಎಪ್ಪತ್ತಾರನ್ನೇ ಕಲಿಸಿದ. ಎರಡು ತಲೆಮಾರು ಬಳ್ಳಾರಿಯಲ್ಲಿ ಕೂತು ಮದರಾಸಿನ ಗಾಳಿಯನ್ನು ಅಳೆದೆವು. ಅವನನ್ನು ಬೈಯಲು ನನಗೆ ಯಾವ ಅಧಿಕಾರವೂ ಉಳಿಯಲಿಲ್ಲ, ಏಕೆಂದರೆ ನಾನು ಪುಸ್ತಕವನ್ನು ಮುಚ್ಚಿ, ಅದೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಇದ್ದ ಜಾಗದಲ್ಲೇ ಇಟ್ಟೆ.

ಸೋಮವಾರ ಹೋಗಿ ‘ನಿನ್ನದೇ ಸರಿಯಮ್ಮಾ’ ಎನ್ನಲು ನನಗೇನಾಗಿತ್ತು? ನೀವು ಕೇಳುವ ಮೊದಲು ನಾನೇ ನನ್ನನ್ನು ಸಾಕಷ್ಟು ಕೇಳಿಕೊಂಡಿದ್ದೇನೆ. ದೊಡ್ಡಪ್ಪನ ಮರ್ಯಾದೆ, ಕಾಲೇಜಿನ ಮರ್ಯಾದೆ, ಹತ್ತೊಂಬತ್ತು ವರ್ಷ ನನ್ನಿಂದ ಕಲಿತ ಮಕ್ಕಳು ಏನೆಂದುಕೊಂಡಾರು ಎಂದೆಲ್ಲ ಆಗ ಹೇಳಿಕೊಂಡೆ. ಬರೀ ಬೊಗಳೆ. ತರಗತಿ ನಕ್ಕಿತ್ತು, ಅಷ್ಟೇ. ಪಂಚರ್ ಅಂಗಡಿಯವನ ಮಗಳು ಹೇಳಿದ್ದಕ್ಕೆ ನನ್ನನ್ನು ನೋಡಿ ಮಕ್ಕಳು ನಕ್ಕಿದ್ದರು. ಅದನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ.

ಸೋಮವಾರ ಅವಳು ಲ್ಯಾಬಿಗೆ ಬಂದಾಗ ಬೇರೆ ಯಾರೂ ಇರಲಿಲ್ಲ. ಬಿಳಿ ಹಾಳೆ ತಂದಿದ್ದಳು, ಅದರಲ್ಲಿ ಏನನ್ನೂ ಬರೆದಿರಲಿಲ್ಲ. ಕಣ್ಣು ಊದಿಕೊಂಡಿದ್ದರೂ ದನಿ ಗಟ್ಟಿಯಾಗಿತ್ತು.

“ಸರ್, ಅಪ್ಪಾಗ ನೋಡ್ತೀನಿ ಅಂದಿದ್ರಂತ. ನೋಡಿದ್ರೇನ್ರಿ?”

“ನೋಡ್ದೆ.”

“ಏನಿತ್ರಿ?”

“ನಿಂದ ತಪ್ಪದ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿ ಹೇಳಿ ಬರೆಸಲು ಶುರುಮಾಡಿದೆ: ‘ನಾನು ತೋರಿಸಿದ ಅಂಕಿಗಳು ನಾನು ನೋಡಿ ಬರೆದವುಗಳಲ್ಲ. ಉತ್ತರಕ್ಕೆ ಹೊಂದುವಂತೆ ಕಲ್ಪಿಸಿ ಬರೆದವು...’ ಪೆನ್ನು ನಿಂತ ಸದ್ದಾಯಿತು.

“ಸರ್, ನೋಡಿ ಬರದಿಲ್ಲ ಅಂತ ಬರದ್ರ ಸುಳ್ಳಾಗತೈತಲ್ರಿ?”

“ಬರಿ.”

ಬರೆದಳು. ಆಮೇಲೆ ಅಲ್ಲೇ ಕೂತು, ರೆಕಾರ್ಡಿನ ಹೊಸ ಪುಟದಲ್ಲಿ ತಾಯಿ ರೆಕಾರ್ಡನ್ನು ಇಳಿಸಿಕೊಂಡಳು. ಮೂರನೆಯ ಸಾಲಿಗೆ ಬಂದಾಗ ಆ ತಪ್ಪು ಅಂಕಿಯನ್ನೂ ಬರೆದು ಹೊಡೆದುಹಾಕಿದಳು. ನಾನು ಸಹಿ ಮಾಡಿ ಹತ್ತಕ್ಕೆ ಹತ್ತು ಕೊಟ್ಟೆ. ತಪ್ಪೊಪ್ಪಿಗೆಯನ್ನು ಪ್ರಿನ್ಸಿಪಾಲರ ಫೈಲಿಗೆ ಸೇರಿಸಿದೆ. ಅವರು ಅದನ್ನು ಓದಿ, ಶಿಸ್ತು ಅಂದರೆ ಇದು ಎಂದು ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ನಾನು ಎದ್ದು ನಿಂತು ಹೊಗಳಿಕೆ ತೆಗೆದುಕೊಂಡೆ.

ಮುಂದಿನ ವರ್ಷ ರಜಿಯಾ ಬರಲಿಲ್ಲ. ಪಾಸಾಗಿದ್ದಳು, ಅಂಕಗಳೂ ಚೆನ್ನಾಗಿದ್ದವು. ಬಳ್ಳಾರಿಯಲ್ಲಿ ಮತ್ತೆ ಮೊದಲನೆಯ ವರ್ಷಕ್ಕೆ ಆರ್ಟ್ಸ್ ಸೇರಿದಳಂತೆ ಎಂದು ಯಾರೋ ಹೇಳಿದರು. ಒಂದು ವರ್ಷ ಹಾಳು ಮಾಡಿಕೊಂಡು ಹೋಗಿದ್ದಾಳೆ, ತಲೆಕೆಟ್ಟ ಹುಡುಗಿ ಎಂದರು ಗಣಿತದವರು. ನಾನು ಹೌದೆಂದು ತಲೆಯಾಡಿಸಿದೆ. ಮದುವೆಯಾಗಿ ಸಿರುಗುಪ್ಪಕ್ಕೆ ಹೋದದ್ದನ್ನು, ಅಲ್ಲಿ ಅವಳ ಗಂಡನದೂ ಟೈರ್ ಅಂಗಡಿಯೇ ಎಂಬುದನ್ನು ಆಮೇಲೆ ದಾದಾಪೀರನೇ ಹೇಳಿದ್ದ. ಗೋಡೆಯ ಮೇಲಿನ ಎಪ್ಪತ್ತಾರು ನಾನು ನಿವೃತ್ತನಾಗುವವರೆಗೂ ಗುಲಾಬಿಗಳ ಸಮೇತ ಹಾಗೇ ಇತ್ತು.

ಪಾಕೀಟು ಪುಸ್ ಎಂದ ಮರುದಿನ ಬೆಳಿಗ್ಗೆ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಕೇಳಿದ ಹೆಂಡತಿಗೆ ಹಳೆಯ ವಿದ್ಯಾರ್ಥಿಯೊಬ್ಬರನ್ನು ನೋಡಿ ಬರುತ್ತೇನೆ ಎಂದೆ. “ಕರದಾರೇನು?” ಎಂದಳು. ನನ್ನನ್ನು ಹಳೆಯ ವಿದ್ಯಾರ್ಥಿಗಳು ಯಾರೂ ಕರೆಯುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಅಂಗಡಿ ಊರಿನ ಹೊರಗೆ, ಬಳ್ಳಾರಿ ರಸ್ತೆಯಲ್ಲೇ ಇತ್ತು. ಭತ್ತದ ಲೋಡು ಹೊತ್ತ ಟ್ರ್ಯಾಕ್ಟರುಗಳು ನಿಲ್ಲುವ ಜಾಗ. ಗಂಡ ಯಾರದೋ ಹೊಲದಲ್ಲಿ ಕೂತುಬಿಟ್ಟ ಟ್ರೇಲರಿನ ಟೈರು ಬಿಚ್ಚಲು ಹೋಗಿದ್ದ. ಅಂಗಡಿಯಲ್ಲಿ ರಜಿಯಾ ಇದ್ದಳು. ತಲೆಗೆ ದುಪಟ್ಟಾ ಬಿಗಿದು ಕಟ್ಟಿಕೊಂಡು, ಕೈಯಲ್ಲಿ ಗಾಳಿ ನೋಡುವ ಗೇಜ್ ಹಿಡಿದು, ಒಬ್ಬ ಡ್ರೈವರನಿಗೆ ಜೋರು ಮಾಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಅಯ್ಯ, ಸರ್! ನೀವೇನ್ರಿ ಇಲ್ಲಿ? ಬರ್ರಿ, ಕುಂದರ್ರಿ. ಎಷ್ಟು ಸಣ್ಣಾಗೀರಿ!” ಕುರ್ಚಿಯನ್ನು ತಾನೇ ಒರೆಸಿ ಹಾಕಿದಳು. ಎದುರಿನ ಹೋಟೆಲಿನಿಂದ ಚಹಾ ಹೇಳಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

“ರಜಿಯಾ, ಅವತ್ತು ನಿಂದ ಸರಿ ಇತ್ತು. ಎಪ್ಪತ್ತೆರಡ ಸರಿ.”

ಅವಳು ನಕ್ಕಳು. “ಅದನ್ನ ಹೇಳಾಕ ಬಂದ್ರೇನ್ರಿ ಇಷ್ಟು ದೂರ? ನನಗ ಗೊತ್ತೈತ್ರಿ ಸರ್. ಬಿ.ಎ. ಓದೋವಾಗ ಭೂಗೋಳದ ಪುಸ್ತಕದಾಗ ಬಂತು, ಎತ್ತರಕ್ಕ ಹೋದಂಗ ವಾಯುಭಾರ ಕಡಿಮಿ ಆಕೈತಿ ಅಂತ. ಓದಿ ಒಬ್ಬಾಕಿನ ಕುಂತು ನಕ್ಕಿದ್ದೆ.”

“ಸೈನ್ಸ್ ಬಿಟ್ಟಿ.”

“ಬಿಟ್ನಿ. ನೋಡಿದ್ದು ಬರಿಯೋ ಹಂಗಿಲ್ಲ ಅಂದ್ರ ಏನು ಕಲಿಯೋದು ಅನಿಸ್ತು ಅವಾಗ. ಸಣ್ಣಾಕಿ ಇದ್ನೆಲ್ರಿ. ನಿಮ್ಮ ಮ್ಯಾಲ ಸಿಟ್ಟಂತೂ ಭಾಳ ಇತ್ತು. ಆಮ್ಯಾಲ ನನಗ ನಾನ ಹೇಳಕೊಂಡೆ. ಎಲ್ಲಾರೂ ಎಪ್ಪತ್ತಾರು ಅಂತಿದ್ರು, ಸರ್‌ಗೂ ಹಂಗ ಕಲಿಸಿರಬೇಕು. ಪಾಪ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ರ ಅಂಥಾ ಕಾಗದ ಯಾರು ಬರಸ್ತಾರ? ಹಂಗ ಅನಕೊಂಡ ಮ್ಯಾಲ ಸಿಟ್ಟು ಹೋತ್ರಿ. ಚಾ ತಗೋರಿ, ಆರತೈತಿ.”

ನೋಡಿ, ಎಷ್ಟು ಸಲೀಸಾಗಿತ್ತು! ಬಾಗಿಲು ಅವಳೇ ತೆರೆದಿಟ್ಟಿದ್ದಳು. ‘ಹೌದಮ್ಮಾ, ಗೊತ್ತಿರಲಿಲ್ಲ, ಮೊನ್ನೆ ಗೊತ್ತಾಯಿತು’ ಎಂದು ಒಂದು ಮಾತು ಹೇಳಿದ್ದರೆ ಚಹಾ ಕುಡಿದು, ಆಶೀರ್ವಾದ ಮಾಡಿ, ಬೆನ್ನು ತಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಬರಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆ ಹುಡುಗಿ, ಹುಡುಗಿಯೇನು, ಎರಡು ಮಕ್ಕಳ ತಾಯಿ, ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತಿನ ಹಾಗೆ ತಿರುಗಿ ನೋಡಲು ಅಲ್ಲಿ ಕಿಟಕಿ ಇರಲಿಲ್ಲ.

“ಗೊತ್ತಿತ್ತು,” ಎಂದೆ. “ಭಾನುವಾರ ಗೊತ್ತಾಗಿತ್ತು. ನಮ್ಮ ದೊಡ್ಡಪ್ಪನ ಪುಸ್ತಕದಾಗ ಬರದಿತ್ತು. ಗೊತ್ತಾದ ಮ್ಯಾಲೆನ ಸೋಮವಾರ ನಿನ್ನ ಕೈಲೆ ಬರಿಸಿದೆ.”

ಅವಳ ಮುಖದ ಮೇಲಿನ ನಗು ನಿಧಾನವಾಗಿ ಹೋಯಿತು. ಕಂಪ್ರೆಸರ್ ಸದ್ದು ಮಾಡುತ್ತಿತ್ತು, ಗಾಳಿ ತುಂಬಿದ ಮೇಲೆ ತಾನೇ ನಿಂತಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಗೊತ್ತಿತ್ತೇನ್ರಿ,” ಎಂದಳು ಕೊನೆಗೆ. “ಸೋಮವಾರ ಸಂಜಿಕ ಅಪ್ಪ ಕೇಳಿದ, ಸಾರ್ ನೋಡಿದ್ರೇನು ಅಂತ. ನೋಡಿದ್ರು, ತಪ್ಪು ಅಂದ್ರು, ಅಂದೆ. ಹಂಗಾರ ತಪ್ಪು, ಇನ್ನ ಮುಂದ ಸುಳ್ಳು ಬರೀಬ್ಯಾಡವ್ವಾ ಅಂದ. ಅಷ್ಟ ಅಂದಿದ್ದು. ನಾ ಭೂಗೋಳದ ಪುಸ್ತಕ ತೋರಿಸಿದ್ರೂ ನಂಬಲಿಲ್ರಿ ಅಂವ. ದೊಡ್ಡೋರು ನೋಡಿ ಹೇಳ್ಯಾರ, ನೀ ಸುಮ್ನಿರು ಅಂತಿದ್ದ. ಅಪ್ಪ ತೀರಿಕೊಂಡು ಮೂರು ವರ್ಷಾತ್ರಿ. ನಾ ಸುಳ್ಳು ಬರದೀನಿ ಅಂತನ ತಿಳಕೊಂಡು ಹೋದ. ಅವಂಗ ಹೇಳಬೇಕಿತ್ರಿ ಸರ್ ನೀವು. ನನಗಲ್ಲ.”

ಹೊರಗೆ ಒಂದು ಟ್ರ್ಯಾಕ್ಟರ್ ಬಂದು ನಿಂತು ಹಾರ್ನ್ ಹೊಡೆಯಿತು. “ಎರಡೂವರೆಗೆ ಬಳ್ಳಾರಿ ಬಸ್ಸೈತ್ರಿ,” ಎಂದು ಹೇಳಿ ಅವಳು ಗೇಜ್ ತೆಗೆದುಕೊಂಡು ಎದ್ದು ಹೋದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಬಸ್ಸಿನಲ್ಲಿ ಪಕ್ಕದವನೊಬ್ಬ ಫೋನಿನಲ್ಲಿ ಹವಾಮಾನ ನೋಡಿಕೊಂಡು, ಈ ವರ್ಷ ಗಾಳಿ ಕೆಟ್ಟೈತ್ರಿ ಎಂದು ಏನೇನೋ ಹೇಳುತ್ತಿದ್ದ. ಬೇರೆ ದಿನವಾಗಿದ್ದರೆ ಅವನನ್ನು ಎರಡೇ ಮಾತಿನಲ್ಲಿ ಕೂರಿಸುತ್ತಿದ್ದೆ. ಅವನು ಹೇಳಿದ್ದನ್ನೆಲ್ಲ ಹೂಂ ಹೂಂ ಎಂದು ಕೇಳಿಸಿಕೊಂಡೆ. ಯಾರನ್ನೂ ಆಡಿಕೊಳ್ಳಲು ನನಗೆ ಒಂದು ಮಾತೂ ಹೊಳೆಯಲಿಲ್ಲ.

ಮನೆಗೆ ಬಂದು ಎರಡು ದಿನವಾಯಿತು. ಕೂತಲ್ಲಿ ಒಂದೇ ಲೆಕ್ಕ ತಲೆಯಲ್ಲಿ ಓಡುತ್ತಿದೆ. ಆ ಸೋಮವಾರದ ನಂತರ ನಾನು ಇನ್ನೂ ಹನ್ನೆರಡು ವರ್ಷ ಕುರುಗೋಡಿಗೆ ಹೋಗಿಬಂದೆ. ಬಸ್ಸು ನಿಲ್ಲುತ್ತಿದ್ದದ್ದು ದಾದಾಪೀರನ ಅಂಗಡಿಯ ಎದುರಿಗೇ. ಪ್ರತಿದಿನ ಬೆಳಿಗ್ಗೆ ನಾನು ಇಳಿಯುವುದನ್ನು ನೋಡಿ ಅವನು ಟೈರು ಬಿಟ್ಟು ಎದ್ದು ನಿಂತು, ಎದೆಗೆ ಕೈ ಮುಟ್ಟಿಸಿಕೊಂಡು, “ಬಂದ್ರೇನ್ರಿ ಸಾರ್” ಎನ್ನುತ್ತಿದ್ದ. ನಾನೂ ಪ್ರತಿದಿನ ಹೂಂ ಎಂದು ತಲೆಯಾಡಿಸಿ ಕಾಲೇಜಿನ ಕಡೆ ನಡೆದುಬಿಡುತ್ತಿದ್ದೆ.